ಮರೂನ್ ಟೋಪಿಯ ಡಾಕ್ಟರು

1951ರ ಮಾರ್ಚ್ 23. ಕೊರಿಯಾದ ಮುನ್‌ಸಾನ್-ನಿ ಎಂಬಲ್ಲಿ, ಶತ್ರು ಸೇನೆಯ ಬೆನ್ನ ಹಿಂದೆ, ಅಮೆರಿಕದ 187ನೇ ಏರ್‌ಬೋರ್ನ್ ಪಡೆಯ ಮೂರು ಸಾವಿರಕ್ಕೂ ಹೆಚ್ಚು ಯೋಧರು ವಿಮಾನಗಳಿಂದ ಧುಮುಕಿದರು. ಕಾರ್ಯಾಚರಣೆಯ ಹೆಸರು ‘ಟೊಮಾಹಾಕ್’. ಹಠಾತ್ ದಾಳಿಗೆ ಪಳಗಿದ ಅಮೆರಿಕದ ರೇಂಜರ್‌ಗಳ ಎರಡು ಕಂಪನಿಗಳೂ ಅವರ ಜೊತೆಗಿದ್ದವು. ಅದೇ ಆಕಾಶದಿಂದ ಹನ್ನೆರಡು ಮಂದಿ ಭಾರತೀಯರೂ ಇಳಿದರು. ಕೊರಿಯಾ ಯುದ್ಧಕ್ಕೆ ಭಾರತ ಕಾದಾಡುವ ಪಡೆಯನ್ನು ಕಳಿಸಿರಲಿಲ್ಲ. ಕಳಿಸಿದ್ದು ಒಂದು ವೈದ್ಯಕೀಯ ಘಟಕವನ್ನು: 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್. ಆ ಹನ್ನೆರಡು ಮಂದಿಯ ಮುಂದಾಳು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್, ಮದರಾಸು ಪ್ರಾಂತ್ಯದ ಡಾಕ್ಟರು. ನೆಲ ಮುಟ್ಟಿದೊಡನೆ ಅವರು ಚಿಕಿತ್ಸಾ ಕೇಂದ್ರ ತೆರೆದರು. ಸುತ್ತ ಕಾಳಗ ನಡೆದಿರುವಾಗಲೇ ಗಾಯಾಳುಗಳು ಬರತೊಡಗಿದರು, ಶಸ್ತ್ರಚಿಕಿತ್ಸೆಯೂ ಶುರುವಾಯಿತು.

ಸೇನೆ ಸೇರುವ ಆಸೆಯಿರುವ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಡಾಕ್ಟರಾಗಿದ್ದುಕೊಂಡೇ ಪ್ಯಾರಾ, ಅಂದರೆ ಪ್ಯಾರಾಚೂಟ್ ಪಡೆಯ ಯೋಧ, ಆಗಬಹುದೆ? ಕಮಾಂಡೊಗಳು ಪಡೆಯುವ ತರಬೇತಿ ವೈದ್ಯರಿಗೂ ಸಿಗುತ್ತದೆಯೆ? ಮನೆಯ ಹಿರಿಯರು ಕೇಳುವ ಪ್ರಶ್ನೆ ಬೇರೆ: ಆಸ್ಪತ್ರೆಯಲ್ಲಿ ಕೂತು ರೋಗಿ ನೋಡಬೇಕಾದವನು ಬೆನ್ನಿಗೆ ಮೂಟೆ ಹೊತ್ತು ಕಾಡು ಬೆಟ್ಟ ಸುತ್ತುವುದೇಕೆ? ಎರಡೂ ಪ್ರಶ್ನೆಗಳಿಗೆ ಉತ್ತರವಿದೆ. ಮೊದಲನೆಯದಕ್ಕೆ ಉತ್ತರ, ಆಗಬಹುದು; ದಾರಿ ಇದೆ, ಅದು ಬಲು ಕಡಿದು. ಎರಡನೆಯದರ ಉತ್ತರವನ್ನು ತುಸು ವಿವರವಾಗಿಯೇ ಹೇಳಬೇಕು. ಯುದ್ಧಭೂಮಿಯಲ್ಲಿ ಸಾಯುವವರಲ್ಲಿ ಯಾರನ್ನು ಉಳಿಸಬಹುದು ಎಂಬ ಲೆಕ್ಕವೆಲ್ಲ ಅದರೊಳಗೆ ಅಡಗಿದೆ.

ಮೊದಲು ಜಿಗಿದವರು ವೈದ್ಯರೇ

ಭಾರತದ ಪ್ಯಾರಾಚೂಟ್ ಪಡೆಯ ಚರಿತ್ರೆ ಎರಡನೇ ಮಹಾಯುದ್ಧದ ನಡುವೆ, 1941ರ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿದ್ದು ಆಗ. ಬ್ರಿಟಿಷ್ ಅಧಿಕಾರಿಗಳು ಮೊದಲು ಜಿಗಿದು ನೋಡಿದರು. ಅವರ ಹಿಂದೆ ಭಾರತೀಯರಲ್ಲಿ ಮೊದಲಿಗರಾಗಿ ಜಿಗಿದವರು ಇಬ್ಬರು: 152ನೇ ಬೆಟಾಲಿಯನ್ನಿನ ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಮತ್ತು ಅದೇ ಬೆಟಾಲಿಯನ್ನಿನ ವೈದ್ಯಾಧಿಕಾರಿ, ಆಗ ಇನ್ನೂ ಲೆಫ್ಟಿನೆಂಟ್ ಆಗಿದ್ದ ರಂಗರಾಜ್. ಈ ದೇಶದ ಪ್ಯಾರಾ ಪರಂಪರೆ ಒಬ್ಬ ಸಿಪಾಯಿ, ಒಬ್ಬ ಡಾಕ್ಟರು, ಇಬ್ಬರಿಂದಲೂ ಒಟ್ಟಿಗೇ ಆರಂಭವಾಯಿತು. ಹೆಣ್ಣುಮಕ್ಕಳಲ್ಲಿ ಮೊದಲು ಪ್ಯಾರಾಚೂಟಿನಲ್ಲಿ ಜಿಗಿದವರೂ ವೈದ್ಯರೇ. ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಗೀತಾ ಚಂದ 1959ರಲ್ಲಿ ಆಗ್ರಾದಲ್ಲಿ ಜಿಗಿದರು.

ರಂಗರಾಜ್ ಅವರ ಮುಂದಿನ ಬದುಕನ್ನು ನೋಡಿದರೆ ಇಂಥ ತರಬೇತಿ ವೈದ್ಯನನ್ನು ಯಾವುದಕ್ಕೆ ಅಣಿಗೊಳಿಸುತ್ತದೆ ಎಂಬುದು ತಿಳಿಯುತ್ತದೆ. 1950ರ ನವೆಂಬರ್‌ನಲ್ಲಿ ಅವರ ಘಟಕ ಕೊರಿಯಾ ತಲುಪಿತು. ಕೆಲವೇ ವಾರಗಳಲ್ಲಿ ಚೀನೀ ಸೇನೆ ಮುನ್ನುಗ್ಗಿ ಬಂದು, ವಿಶ್ವಸಂಸ್ಥೆಯ ಪಡೆಗಳು ಪ್ಯಾಂಗ್ಯಾಂಗ್ ಬಿಟ್ಟು ಹಿಂದೆ ಸರಿಯಬೇಕಾಯಿತು. ಭಾರತೀಯ ಘಟಕಕ್ಕೆ ವಾಹನ ಸಿಗಲಿಲ್ಲ. ಉಪಕರಣಗಳನ್ನು ಸುಟ್ಟು ಹೊರಡುವುದು ಸುಲಭವಿತ್ತು. ಆದರೆ ಉಪಕರಣಗಳಿಲ್ಲದ ಆಸ್ಪತ್ರೆ ಯಾರ ಜೀವವನ್ನು ಉಳಿಸೀತು? ಅವರು ಒಂದು ರೈಲು ಎಂಜಿನ್ ಹುಡುಕಿದರು, ತಮ್ಮ ಸಾಮಾನನ್ನೆಲ್ಲ ಬೋಗಿಗೆ ತುಂಬಿದರು, ತಾವೇ ಎಂಜಿನ್ ನಡೆಸಿಕೊಂಡು ಸಿಯೋಲ್ ಸೇರಿದರು. ಮೂರು ತಿಂಗಳ ನಂತರ ಮುನ್‌ಸಾನ್-ನಿಯಲ್ಲಿ ಕೆಲಸಕ್ಕೆ ಬಂದದ್ದು ಹೀಗೆ ಉಳಿಸಿಕೊಂಡ ಸಾಮಾನೇ. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಸೇನೆಯಿಂದ ಹೊರಬಂದ ಮೇಲೂ ಅವರು ದುರ್ಗಮ ಊರುಗಳ ದಾರಿ ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಫ್ಗಾನಿಸ್ತಾನದಲ್ಲಿ ಸಿಡುಬು ನಿರ್ಮೂಲನೆಗೆ ದುಡಿದರು.

ಅವರ ಘಟಕ ಇಂದು 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್. ನೆಲೆ ಆಗ್ರಾ. 2015ರ ನೇಪಾಳ ಭೂಕಂಪದಲ್ಲಿ ಅದು ಕೆಲಸ ಮಾಡಿತು. 2023ರ ಫೆಬ್ರುವರಿಯಲ್ಲಿ ಟರ್ಕಿಯ ನೆಲ ನಡುಗಿದಾಗ ‘ಆಪರೇಷನ್ ದೋಸ್ತ್’ ಹೆಸರಿನಲ್ಲಿ ಹಾರಿಹೋಗಿ, ಇಸ್ಕೆಂದೆರುನ್ ಪಟ್ಟಣದಲ್ಲಿ 30 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಕರೆ ಬಂದ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯನ್ನು ವಿಮಾನಕ್ಕೇರಿಸಿ ಹೊರಡುವ ಅಭ್ಯಾಸ ಒಂದೇ ದಿನದಲ್ಲಿ ಬರುವುದಿಲ್ಲ. ಅದರ ಬೇರು ಪ್ಯಾರಾ ತರಬೇತಿಯಲ್ಲಿದೆ.

ದಾರಿ ಶುರುವಾಗುವುದು ಎಲ್ಲಿ?

ನೇರವಾಗಿ ‘ಕಮಾಂಡೊ ಡಾಕ್ಟರ್’ ಎಂಬ ಹುದ್ದೆಗೆ ಅರ್ಜಿ ಹಾಕಲು ಬರುವುದಿಲ್ಲ. ಮೊದಲು ವೈದ್ಯರಾಗಬೇಕು, ಆಮೇಲೆ ಸೇನೆಯ ವೈದ್ಯರಾಗಬೇಕು, ಅನಂತರ ತಾವಾಗಿ ಮುಂದೆ ಬಂದು ಕೇಳಿಕೊಳ್ಳಬೇಕು.

ಸೇನಾ ವೈದ್ಯಕೀಯಕ್ಕೆ ಮುಖ್ಯವಾಗಿ ಎರಡು ಬಾಗಿಲು. ಒಂದು, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. 1948ರಲ್ಲಿ ಶುರುವಾದ ಈ ಕಾಲೇಜಿಗೆ ಪಿಯುಸಿ ಮುಗಿಸಿದವರು ನೀಟ್ ಅಂಕಗಳ ಮೇಲೆ, ನಂತರದ ಲಿಖಿತ ಪರೀಕ್ಷೆ, ಸಂದರ್ಶನ ಮತ್ತು ವೈದ್ಯಕೀಯ ತಪಾಸಣೆ ದಾಟಿ ಸೇರುತ್ತಾರೆ. ಓದು ಮುಗಿದ ಮೇಲೆ ಸೇನೆಯಲ್ಲಿ ಸೇವೆ ಸಲ್ಲಿಸುವುದಾಗಿ ಸೇರುವಾಗಲೇ ಬಾಂಡ್ ಬರೆದುಕೊಡಬೇಕು. ಎರಡನೆಯದು, ಯಾವುದೇ ಮಾನ್ಯ ಕಾಲೇಜಿನಲ್ಲಿ ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಮುಗಿಸಿ ಶಾರ್ಟ್ ಸರ್ವಿಸ್ ಕಮಿಷನ್‌ಗೆ ಅರ್ಜಿ ಹಾಕುವುದು. ಹುಬ್ಬಳ್ಳಿಯಲ್ಲಿ ಓದಿದವರಿಗೂ ಮೈಸೂರಿನಲ್ಲಿ ಓದಿದವರಿಗೂ ಈ ಬಾಗಿಲು ತೆರೆದಿದೆ. ಮೊದಲು ಐದು ವರ್ಷದ ಸೇವೆ, ಮುಂದೆ ಹದಿನಾಲ್ಕು ವರ್ಷದವರೆಗೂ ವಿಸ್ತರಿಸಲು ಅವಕಾಶ. ಶಾರ್ಟ್ ಸರ್ವಿಸ್‌ನಲ್ಲಿ ಸೇರಿದವರಿಗೆ ಕ್ಯಾಪ್ಟನ್ ಹುದ್ದೆ ದೊರೆಯುತ್ತದೆ.

ಆರ್ಮಿ ಮೆಡಿಕಲ್ ಕೋರ್, ಅಂದರೆ ಎಎಂಸಿ ಸೇರಿದ ವೈದ್ಯರು ಲಖನೌದ ಕೇಂದ್ರದಲ್ಲಿ ಮೂಲ ಸೈನಿಕ ತರಬೇತಿ ಪಡೆಯುತ್ತಾರೆ. ಸಮವಸ್ತ್ರ, ಡ್ರಿಲ್, ನಕ್ಷೆ ಓದುವುದು, ಆಯುಧ ಹಿಡಿಯುವುದು, ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸುವ ಕ್ರಮ ಎಲ್ಲವೂ ಅಲ್ಲಿ ಪರಿಚಯವಾಗುತ್ತವೆ. ನಂತರ ಅನೇಕರಿಗೆ ಮೊದಲ ನೇಮಕ ಯಾವುದಾದರೂ ಪಲ್ಟನ್ನಿನ ಆರ್‌ಎಂಒ ಆಗಿ. ರೆಜಿಮೆಂಟಲ್ ಮೆಡಿಕಲ್ ಆಫೀಸರ್ ಎಂದರೆ ಆ ಬೆಟಾಲಿಯನ್ನಿಗೆ ಇರುವ ಒಬ್ಬನೇ ಡಾಕ್ಟರು. ಜವಾನರು ಅವರನ್ನು ಕರೆಯುವುದು ‘ಡಾಕ್ಟರ್ ಸಾಬ್’ ಎಂದು. ಜ್ವರಕ್ಕೂ ಅವರೇ, ಹಾವು ಕಡಿತಕ್ಕೂ ಅವರೇ, ಗುಂಡೇಟಿಗೂ ಅವರೇ. ಊರಿನಿಂದ ಕೆಟ್ಟ ಸುದ್ದಿ ಬಂದು ನಿದ್ದೆಗೆಟ್ಟ ಹುಡುಗ ಮನಸ್ಸು ಬಿಚ್ಚುವುದೂ ಅವರ ಮುಂದೆಯೇ.

ಇಲ್ಲಿಂದ ಮುಂದೆ ಪ್ಯಾರಾಗೆ ಹೋಗುವುದು ಸ್ವಂತ ಇಚ್ಛೆಯ ಮಾತು. ಪ್ಯಾರಾಚೂಟ್ ಪಡೆ ಕಾಲಾಳುಗಳಷ್ಟರಿಂದಲೇ ಆದುದಲ್ಲ. ಅದರೊಳಗೆ ಫಿರಂಗಿ ದಳದವರು, ಎಂಜಿನಿಯರುಗಳು, ಸಿಗ್ನಲ್‌ನವರು, ವೈದ್ಯರು ಎಲ್ಲರೂ ಇರುತ್ತಾರೆ. ಅವರ್ಯಾರಿಗೂ ಹುದ್ದೆಯ ಬಲದಿಂದ ಪ್ಯಾರಾ ಪಡೆಯ ಗುರುತಾದ ಮರೂನ್ ಟೋಪಿ ಸಿಗುವುದಿಲ್ಲ. ಪ್ರೊಬೇಷನ್ ಎಂಬ ಆಯ್ಕೆಯ ಅವಧಿ ದಾಟಿಯೇ ಅದನ್ನು ತೊಡಬೇಕು.

ಪದವಿಪತ್ರ ಲೆಕ್ಕಕ್ಕಿಲ್ಲದ ಮೂರು ತಿಂಗಳು

ಕಮಾಂಡೊ ಪಡೆಯಾದ ಪ್ಯಾರಾ ಸ್ಪೆಷಲ್ ಫೋರ್ಸಸ್‌ನ ಪ್ರೊಬೇಷನ್ ಸುಮಾರು ಮೂರು ತಿಂಗಳು. ಪ್ಯಾರಾಚೂಟ್ ಬೆಟಾಲಿಯನ್‌ಗಳಲ್ಲಿ ಅದು ಇದಕ್ಕಿಂತ ಚಿಕ್ಕದು, ಸುಲಭವಂತೂ ಅಲ್ಲ. ಭಾರ ಹೊತ್ತು ಓಡುವ ಸ್ಪೀಡ್ ಮಾರ್ಚ್‌ಗಳು ಹತ್ತು ಕಿಲೊಮೀಟರಿನಿಂದ ಶುರುವಾಗಿ ಇಪ್ಪತ್ತು, ಮೂವತ್ತು, ನಲವತ್ತಕ್ಕೆ ಏರುತ್ತವೆ. ರಾತ್ರಿಯ ನಕ್ಷೆ ಓಡಾಟ, ನಿದ್ದೆಗೇಡು, ಹಸಿವು, ಆಯುಧದ ಪರಿಣತಿ, ಕತ್ತಲಲ್ಲಿ ಸದ್ದಿಲ್ಲದೆ ಚಲಿಸುವುದು ಎಲ್ಲ ಒಂದರ ಮೇಲೊಂದು ಬರುತ್ತವೆ. ಯಾವ ದಿನವಾದರೂ ‘ಸಾಕು’ ಎಂದು ಹೊರಬರಬಹುದು. ಬಹುಪಾಲು ಮಂದಿ ಹಾಗೆಯೇ ಹೊರಬರುತ್ತಾರೆ. ಒಬ್ಬ ಎಂಬಿಬಿಎಸ್ ಪದವೀಧರ ಅಲ್ಲಿ ನಿಂತಾಗ ಅವನ ಚಿನ್ನದ ಪದಕ ಯಾರ ಗಮನಕ್ಕೂ ಬರುವುದಿಲ್ಲ. ತಂಡದ ಮೆಷಿನ್ ಗನ್ ಹೊರುವ ಸರದಿ ಬಂದಾಗ ಹೊರುತ್ತಾನೆಯೇ, ತನಗಿಂತ ದಣಿದವನ ಚೀಲಕ್ಕೆ ಕೈ ಕೊಡುತ್ತಾನೆಯೇ ಎಂಬುದನ್ನು ಮಾತ್ರ ಎಲ್ಲರೂ ನೋಡುತ್ತಾರೆ.

ಇದಲ್ಲದೆ ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ಜಿಗಿತದ ತರಬೇತಿ ಇರುತ್ತದೆ. ನೆಲದ ಮೇಲೆ ಉರುಳುವುದನ್ನು ಕಲಿಸಿ, ಗೋಪುರದಿಂದ ಇಳಿಸಿ, ಕೊನೆಗೆ ವಿಮಾನದಿಂದ ಐದು ಬಾರಿ ಜಿಗಿಸುತ್ತಾರೆ. ಅದರಲ್ಲಿ ಒಂದು ರಾತ್ರಿಯ ಜಿಗಿತ. ಐದೂ ಮುಗಿಸಿದವರ ಎದೆಗೆ ರೆಕ್ಕೆಯ ಬಿಲ್ಲೆ ಬರುತ್ತದೆ.

ಕರ್ನಾಟಕಕ್ಕೂ ಈ ಲೋಕಕ್ಕೂ ಗಟ್ಟಿ ನಂಟಿದೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂತು. ರೆಜಿಮೆಂಟಿನ ಜವಾನರು ತಯಾರಾಗುವುದು ಇಲ್ಲೇ. ಕಾಲಾಳುಪಡೆಯ ಪ್ರತಿ ಬೆಟಾಲಿಯನ್ನಿನಲ್ಲೂ ಇರುವ ಘಾತಕ್ ಪ್ಲಟೂನಿನವರನ್ನು ಪಳಗಿಸುವ ಕಮಾಂಡೊ ವಿಭಾಗ ಬೆಳಗಾವಿಯಲ್ಲಿದೆ. ಪಶ್ಚಿಮಘಟ್ಟದ ಮಳೆ, ಜಿಗಣೆ, ಕಡಿದು ಕಣಿವೆಗಳಲ್ಲಿ ದೇಶದ ಎಲ್ಲ ಮೂಲೆಗಳ ಸೈನಿಕರು ಬಂದು ಬೆವರು ಸುರಿಸಿ ಹೋಗಿದ್ದಾರೆ.

ರೇಂಜರ್ ಶಾಲೆಯಲ್ಲಿ, ಡಾರ್ಟ್‌ಮೂರಿನಲ್ಲಿ

ಇಂಥ ದಾರಿ ಬೇರೆ ಸೇನೆಗಳಲ್ಲೂ ಇದೆ. ಮುನ್‌ಸಾನ್-ನಿಯಲ್ಲಿ ನಮ್ಮ ವೈದ್ಯರ ಜೊತೆ ಜಿಗಿದ ರೇಂಜರ್‌ಗಳ ಕಂಪನಿಗಳು ಆಮೇಲೆ ವಿಸರ್ಜನೆಯಾದವು. ಆದರೆ ಅದೇ ಕೊರಿಯಾ ಯುದ್ಧದ ಕಾಲದಲ್ಲಿ ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್‌ನಲ್ಲಿ ಹುಟ್ಟಿದ ರೇಂಜರ್ ತರಬೇತಿ ಉಳಿದು ಬೆಳೆಯಿತು. ಇಂದಿನ ರೇಂಜರ್ ಶಾಲೆ ಸುಮಾರು ಎರಡು ತಿಂಗಳ ಕೋರ್ಸು: ಬೆನ್ನಿಂಗ್‌ನ ಕಾಡು, ಡಲೋನೆಗಾದ ಬೆಟ್ಟ, ಫ್ಲಾರಿಡಾದ ಜೌಗು ಎಂದು ಮೂರು ಹಂತ. ದಶಕಗಳ ಕಾಲ ಅದರ ಹೊಸ್ತಿಲ ಪರೀಕ್ಷೆ ಹೀಗಿತ್ತು: 49 ಪುಷ್‌ಅಪ್, 59 ಸಿಟ್‌ಅಪ್, 40 ನಿಮಿಷದೊಳಗೆ ಐದು ಮೈಲಿ ಓಟ, ಆರು ಚಿನ್‌ಅಪ್. ಅದಾದ ಮೇಲೆ ಮೊದಲ ವಾರದಲ್ಲೇ ಭಾರ ಹೊತ್ತು ಮೂರು ಗಂಟೆಯೊಳಗೆ 12 ಮೈಲಿ. ಸೇರಿದವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಮಾತ್ರ ಕೊನೆ ಮುಟ್ಟುತ್ತಾರೆ, ಹೊರಬೀಳುವವರಲ್ಲಿ ಹೆಚ್ಚಿನವರು ಮೊದಲ ಕೆಲವು ದಿನಗಳಲ್ಲೇ ಹೊರಬೀಳುತ್ತಾರೆ. 2015ರಲ್ಲಿ ಶಾಲೆಯ ಬಾಗಿಲು ಮಹಿಳೆಯರಿಗೂ ತೆರೆಯಿತು. ಅದೇ ವರ್ಷ ಕ್ರಿಸ್ಟನ್ ಗ್ರಿಸ್ಟ್ ಮತ್ತು ಶೇ ಹೇವರ್ ತೇರ್ಗಡೆಯಾದರು.

ಈ ಶಾಲೆ ಕಾಲಾಳುಗಳಿಗಷ್ಟೇ ಮೀಸಲಲ್ಲ. ಸೇನೆಯ ಯಾವ ವಿಭಾಗದವರಾದರೂ, ವೈದ್ಯರೂ ಸೇರಿ, ಮೇಲಧಿಕಾರಿಯ ಒಪ್ಪಿಗೆ, ವೈದ್ಯಕೀಯ ಅರ್ಹತೆ ಮತ್ತು ಕೋರ್ಸಿನಲ್ಲಿ ಜಾಗ ಇದ್ದರೆ ಹೋಗಬಹುದು. ತೊಡಕಿರುವುದು ಸಮಯದಲ್ಲಿ. ಅಲ್ಲಿನ ಸೇನಾ ವೈದ್ಯರು ವೈದ್ಯಕೀಯ ಶಾಲೆ, ರೆಸಿಡೆನ್ಸಿ, ಆಸ್ಪತ್ರೆ ಸೇವೆ ಎಂಬ ಬಿಡುವಿಲ್ಲದ ಸರಪಳಿಯಲ್ಲಿ ಇರುತ್ತಾರೆ. ತಿಂಗಳುಗಟ್ಟಲೆ ಅದರಿಂದ ಬಿಡಿಸಿಕೊಳ್ಳುವುದು ಕಷ್ಟ. ಆದ್ದರಿಂದ ರೇಂಜರ್ ಗುರುತು ಹೊತ್ತ ವೈದ್ಯರಲ್ಲಿ ವೈದ್ಯಕೀಯ ಓದುವ ಮೊದಲೇ ಕಾಲಾಳು ಅಧಿಕಾರಿಗಳಾಗಿದ್ದವರು ಇರುತ್ತಾರೆ; ಬೆಟಾಲಿಯನ್ ವೈದ್ಯರಾಗಿ ನೇಮಕವಾದಾಗ ಅವಕಾಶ ಹಿಡಿದವರೂ ಇರುತ್ತಾರೆ. 75ನೇ ರೇಂಜರ್ ರೆಜಿಮೆಂಟಿನಲ್ಲೇ ಕೆಲಸ ಮಾಡಬೇಕೆಂದರೆ ಆ ರೆಜಿಮೆಂಟಿನದೇ ಆದ ಇನ್ನೊಂದು ಆಯ್ಕೆ ಪರೀಕ್ಷೆಯನ್ನೂ ಗೆಲ್ಲಬೇಕು. ಇಷ್ಟು ದೂರ ಹೋಗಲಾಗದ ವೈದ್ಯಕೀಯ ಸಿಬ್ಬಂದಿಗೆ 1965ರಿಂದ ‘ಎಕ್ಸ್‌ಪರ್ಟ್ ಫೀಲ್ಡ್ ಮೆಡಿಕಲ್ ಬ್ಯಾಡ್ಜ್’ ಎಂಬ ಕಠಿಣ ಪರೀಕ್ಷೆಯೂ ಇದೆ.

ರೇಂಜರ್ ಶಾಲೆಯಲ್ಲಿ ಅಂಕ ಸಿಗುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ನಾಯಕತ್ವಕ್ಕೆ. ಹೊಟ್ಟೆ ತುಂಬ ಊಟವಿಲ್ಲದ, ಎರಡು ಮೂರು ಗಂಟೆ ನಿದ್ದೆಯ ತಂಡವನ್ನು ಕತ್ತಲಲ್ಲಿ ಮುನ್ನಡೆಸಬೇಕು. ಜೊತೆಗಾರರೂ ನಿಮಗೆ ಅಂಕ ಹಾಕುತ್ತಾರೆ. ಮೂವತ್ತೆರಡರ ವೈದ್ಯನೊಬ್ಬ ಅಲ್ಲಿ ಇಪ್ಪತ್ತೆರಡರ ಸಾರ್ಜೆಂಟನ ಮಾತು ಕೇಳಿ ನಡೆಯಬೇಕು, ಮರುದಿನ ಅದೇ ಸಾರ್ಜೆಂಟನನ್ನು ನಡೆಸಬೇಕು.

ಬ್ರಿಟನ್ನಿನಲ್ಲಿ ಈ ಪದ್ಧತಿ ಇನ್ನೂ ಸ್ಪಷ್ಟ. ಕಮಾಂಡೊ ಪಡೆಯ ಜೊತೆ ಕೆಲಸ ಮಾಡುವ ವೈದ್ಯರು ಲಿಂಪ್‌ಸ್ಟೋನ್‌ನಲ್ಲಿ ‘ಆಲ್ ಆರ್ಮ್ಸ್ ಕಮಾಂಡೊ ಕೋರ್ಸ್’ ಮುಗಿಸಿ ಹಸಿರು ಟೋಪಿ ಗಳಿಸಬಹುದು. ಅದರ ಕೊನೆಯ ಪರೀಕ್ಷೆ ಡಾರ್ಟ್‌ಮೂರ್ ಬಯಲಿನಲ್ಲಿ 30 ಮೈಲಿ. ಅದಕ್ಕೆ ಸಿಗುವುದು ಎಂಟು ಗಂಟೆ. ಪ್ಯಾರಾಚೂಟ್ ಪಡೆಗೆ ಸೇರುವವರು ಕ್ಯಾಟೆರಿಕ್‌ನ ‘ಪಿ ಕಂಪನಿ’ ದಾಟಬೇಕು. ಅಲ್ಲಿನ ಪರೀಕ್ಷೆಗಳಲ್ಲಿ ಒಂದು ಸ್ಟ್ರೆಚರ್ ಓಟ. 175 ಪೌಂಡಿನ, ಅಂದರೆ ಸುಮಾರು 80 ಕಿಲೊ ತೂಕದ ಸ್ಟ್ರೆಚರನ್ನು ತಂಡವೊಂದು ಐದು ಮೈಲಿ ಹೊತ್ತು ಓಡಬೇಕು. ಬಿದ್ದ ಜೊತೆಗಾರನನ್ನು ಬಿಟ್ಟು ಬರುವುದಿಲ್ಲ ಎಂಬ ಮಾತನ್ನು ಭುಜದ ನೋವಿನ ಮೂಲಕವೇ ಕಲಿಸುವ ಪರೀಕ್ಷೆ ಇದು.

ಹಸಿರು ಟೋಪಿ ಗಳಿಸಿದ್ದ ನೌಕಾಪಡೆಯ ಸರ್ಜನ್ ಕಮಾಂಡರ್ ರಿಕ್ ಜಾಲಿ ಅವರು 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಅಜಾಕ್ಸ್ ಬೇಯ ಹಳೆಯ ಮಾಂಸ ಶೈತ್ಯಾಗಾರವೊಂದನ್ನು ಆಸ್ಪತ್ರೆಯಾಗಿ ನಡೆಸಿದರು. ಕಟ್ಟಡದೊಳಗೆ ಸಿಡಿಯದ ಬಾಂಬ್‌ಗಳು ಬಿದ್ದಿದ್ದವು, ಚಿಕಿತ್ಸೆ ನಿಲ್ಲಲಿಲ್ಲ. ಬ್ರಿಟಿಷರನ್ನೂ ಅರ್ಜೆಂಟೀನದವರನ್ನೂ ಅವರು ಒಂದೇ ಸಾಲಿನಲ್ಲಿ ಮಲಗಿಸಿ ನೋಡಿದರು. ಮುಂದೆ ಎರಡೂ ದೇಶಗಳು ಅವರನ್ನು ಗೌರವಿಸಿದವು.

ನಿಮಿಷಗಳ ಲೆಕ್ಕ

ಇಷ್ಟೆಲ್ಲ ಕಷ್ಟ ಯಾಕೆ ಬೇಕು ಎಂಬುದಕ್ಕೆ ದೇಹವೇ ಉತ್ತರ ಕೊಡುತ್ತದೆ. ದೊಡ್ಡವರ ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರ್. ತೊಡೆಯ ದೊಡ್ಡ ಅಪಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಎಷ್ಟು ದೊಡ್ಡ ಆಸ್ಪತ್ರೆ ಇದ್ದರೂ ಅದು ಮೂವತ್ತು ಕಿಲೊಮೀಟರ್ ಆಚೆ ಇದ್ದರೆ ಆ ಸೈನಿಕನಿಗೆ ಅದು ಇಲ್ಲದಂತೆಯೇ. ಯುದ್ಧಗಳ ಅನುಭವವನ್ನು ಅಧ್ಯಯನ ಮಾಡಿದವರು ತಡೆಯಬಹುದಾದ ಸಾವಿಗೆ ಮೂರು ಮುಖ್ಯ ಕಾರಣ ಗುರುತಿಸಿದರು: ಕೈಕಾಲಿನ ರಕ್ತಸ್ರಾವ, ಎದೆಯೊಳಗೆ ಗಾಳಿ ತುಂಬಿ ಶ್ವಾಸಕೋಶ ಕುಸಿಯುವುದು, ಉಸಿರುದಾರಿ ಮುಚ್ಚಿಕೊಳ್ಳುವುದು. ಮೂರಕ್ಕೂ ಪರಿಹಾರ ಸ್ಥಳದಲ್ಲೇ, ಆ ಕ್ಷಣದಲ್ಲೇ ಆಗಬೇಕು.

1996ರಲ್ಲಿ ಅಮೆರಿಕದ ಸೇನಾ ವೈದ್ಯರು ‘ಟ್ಯಾಕ್ಟಿಕಲ್ ಕಾಂಬ್ಯಾಟ್ ಕ್ಯಾಶುಯಾಲ್ಟಿ ಕೇರ್’ ಎಂಬ ಕ್ರಮವನ್ನು ಮುಂದಿಟ್ಟರು. ಅದರ ತಿರುಳು ಇಷ್ಟು: ಗುಂಡು ಹಾರುತ್ತಿರುವಾಗ ಮಾಡಬೇಕಾದ ಚಿಕಿತ್ಸೆಯೇ ಬೇರೆ, ಮರೆಗೆ ಬಂದ ಮೇಲಿನದೇ ಬೇರೆ, ಸಾಗಿಸುವಾಗಿನದೇ ಬೇರೆ. ಮೊದಲ ಹಂತದಲ್ಲಿ ಶತ್ರುವಿನ ಗುಂಡನ್ನು ಅಡಗಿಸುವುದೇ ಗಾಯಾಳುವಿಗೆ ಮಾಡಬಹುದಾದ ದೊಡ್ಡ ಉಪಕಾರ. ವೈದ್ಯಕೀಯವಾಗಿ ಸಾಧ್ಯವಿರುವುದು ಬಹುಮಟ್ಟಿಗೆ ಟೂರ್ನಿಕೆ ಬಿಗಿದು ರಕ್ತ ನಿಲ್ಲಿಸುವುದಷ್ಟೇ. ನಗರದ ಆಸ್ಪತ್ರೆಯ ಅಭ್ಯಾಸದಲ್ಲಿ ಡ್ರಿಪ್ ಹಾಕಲು ಅಲ್ಲೇ ಮಂಡಿಯೂರಿದ ವೈದ್ಯ ತಾನೂ ಬೀಳುತ್ತಾನೆ, ಅವನನ್ನು ಎಳೆಯಲು ಬಂದ ಇನ್ನಿಬ್ಬರೂ ಬೀಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಚಿಕಿತ್ಸೆ ತಪ್ಪು ಗಳಿಗೆಯಲ್ಲಿ ಮೂರು ಸಾವಿಗೆ ಕಾರಣವಾಗುತ್ತದೆ. ಕಾಳಗದ ಲಯ ತಿಳಿಯದ ವೈದ್ಯನಿಗೆ ಈ ಗಳಿಗೆಗಳ ವ್ಯತ್ಯಾಸ ತಿಳಿಯದು. ಪುಸ್ತಕದಲ್ಲಿ ಓದಿ ಅದನ್ನು ಪರೀಕ್ಷೆಯಲ್ಲಿ ಬರೆಯಬಹುದು. ಕತ್ತಲಲ್ಲಿ, ಗದ್ದಲದಲ್ಲಿ, ಏದುಸಿರಿನಲ್ಲಿ ಗುರುತಿಸಲು ಮೈಗೇ ಅಭ್ಯಾಸವಾಗಿರಬೇಕು.

ಇದರ ಫಲ ಅಂಕಿಗಳಲ್ಲಿ ಸಿಕ್ಕಿದ್ದು ರೇಂಜರ್ ರೆಜಿಮೆಂಟಿನಲ್ಲೇ. 1990ರ ದಶಕದ ಕೊನೆಯಲ್ಲಿ ಅದರ ಕಮಾಂಡರ್ ಆಗಿದ್ದ ಸ್ಟ್ಯಾನ್ಲಿ ಮೆಕ್‌ಕ್ರಿಸ್ಟಲ್, ಗುರಿಕಾರಿಕೆ, ದೈಹಿಕ ಕಸರತ್ತು, ಸಣ್ಣ ತಂಡದ ಯುದ್ಧಕಲೆಗಳ ಸಾಲಿಗೆ ವೈದ್ಯಕೀಯ ತರಬೇತಿಯನ್ನೂ ಸೇರಿಸಿದರು. ಅಡುಗೆಯವನಿಂದ ಅಧಿಕಾರಿಯವರೆಗೆ ಪ್ರತಿಯೊಬ್ಬರೂ ರಕ್ತ ನಿಲ್ಲಿಸಲು ಕಲಿತರು. ರೆಜಿಮೆಂಟಿನ ವೈದ್ಯಾಧಿಕಾರಿಯಾಗಿದ್ದ ರಸ್ ಕೊಟ್ವಾಲ್ ಮತ್ತು ಜೊತೆಗಾರರು 2001ರಿಂದ 2010ರವರೆಗಿನ ಯುದ್ಧಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. 419 ಮಂದಿ ಗಾಯಗೊಂಡಿದ್ದರು, ಅವರಲ್ಲಿ 32 ಮಂದಿ ಸತ್ತಿದ್ದರು. ಆಸ್ಪತ್ರೆ ಸೇರುವ ಮೊದಲಿನ ಆರೈಕೆ ಇನ್ನೂ ಚೆನ್ನಾಗಿದ್ದರೆ ಉಳಿಯಬಹುದಿತ್ತು ಎನ್ನುವಂತಹ ಸಾವು ಅವುಗಳಲ್ಲಿ ಒಂದೂ ಇರಲಿಲ್ಲ. ಅದೇ ಯುದ್ಧಗಳಲ್ಲಿ ಅಮೆರಿಕದ ಒಟ್ಟು ಪಡೆಗಳ ಸಾವುಗಳನ್ನು ಪರಿಶೀಲಿಸಿದ ಅಧ್ಯಯನ, ಆಸ್ಪತ್ರೆ ತಲುಪುವ ಮೊದಲೇ ಸತ್ತವರಲ್ಲಿ ಸುಮಾರು ಕಾಲು ಭಾಗ ಉಳಿಸಬಹುದಾಗಿದ್ದವರು ಎಂದಿತ್ತು.

ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನನಗೆ ಕಾಣುವುದು ಔಷಧಿಯ ವ್ಯತ್ಯಾಸವಲ್ಲ. ಟೂರ್ನಿಕೆ ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ವೈದ್ಯನ ಮಾತಿಗೆ ಪಲ್ಟನ್ ಕೊಡುವ ಬೆಲೆಯಲ್ಲಿ. ಗುರಿಕಾರಿಕೆಯ ಅಭ್ಯಾಸಕ್ಕೆ ಇಟ್ಟ ಅರ್ಧ ದಿನವನ್ನು ರಕ್ತ ನಿಲ್ಲಿಸುವ ಅಭ್ಯಾಸಕ್ಕೆ ಕೊಡಿ ಎಂದು ಕಮಾಂಡರನನ್ನು ಕೇಳಬೇಕಾದರೆ, ಕೇಳುವವನು ಆ ಪಲ್ಟನ್ನಿನ ಒಳಗಿನವನಾಗಿರಬೇಕು. ಜೊತೆಯಲ್ಲಿ ನಲವತ್ತು ಕಿಲೊಮೀಟರ್ ಓಡಿದವನ ಮಾತಿಗೆ ಇರುವ ತೂಕ, ಜೀಪಿನಲ್ಲಿ ಬಂದು ಹೋಗುವವನ ಮಾತಿಗೆ ಬರುವುದಿಲ್ಲ. ಕಠಿಣ ತರಬೇತಿಯಿಂದ ಒಬ್ಬ ವೈದ್ಯ ಹತ್ತು ಜೀವ ಉಳಿಸಬಹುದು; ಅದರಿಂದ ಗಳಿಸಿದ ಮಾತಿನ ಬಲದಿಂದ ಪಲ್ಟನ್ನಿನ ಪ್ರತಿ ಸೈನಿಕನನ್ನೂ ಜೀವ ಉಳಿಸುವವನನ್ನಾಗಿ ಮಾಡಬಹುದು. ನಮ್ಮ ಸೇನೆಯಲ್ಲೂ ‘ಬ್ಯಾಟಲ್‌ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್’ ಎಂದು ಕಾಲಾಳುಗಳಿಗೇ ತರಬೇತಿ ಕೊಡುವ ಪದ್ಧತಿ ಇದೆ. ಅದು ಕಾಗದದ ಮೇಲೆ ಉಳಿಯುತ್ತದೋ ಕೈಗೆ ಬರುತ್ತದೋ ಎಂಬುದು ಬಹುಮಟ್ಟಿಗೆ ಆ ಪಲ್ಟನ್ನಿನ ಆರ್‌ಎಂಒ ಎಂಥವರು ಎಂಬುದನ್ನೇ ಅವಲಂಬಿಸಿದೆ.

ಇನ್ನೊಂದು ಲಾಭವೂ ಇದೆ. ಆಯ್ಕೆಯ ಪರೀಕ್ಷೆಯಲ್ಲಿರುವ ಹುಡುಗ ನೋವನ್ನು ಮುಚ್ಚಿಡುತ್ತಾನೆ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದ್ದರೂ ‘ಏನಿಲ್ಲ ಸಾಬ್’ ಎನ್ನುತ್ತಾನೆ. ಅತಿ ಶ್ರಮದಿಂದ ಸ್ನಾಯು ಕರಗಿ ಮೂತ್ರ ಕಪ್ಪಾದರೂ, ಬಿಸಿಲಿಗೆ ತಲೆ ಸುತ್ತಿದರೂ ಹೇಳುವುದಿಲ್ಲ. ತಾನೇ ಆ ದಾರಿ ನಡೆದ ವೈದ್ಯ ಹೆಜ್ಜೆಯ ಸದ್ದಿನಲ್ಲೇ ಅದನ್ನು ಹಿಡಿಯುತ್ತಾನೆ. ಯಾವ ನೋವು ತಾಳಬಹುದಾದದ್ದು, ಯಾವುದು ಜೀವಕ್ಕೆ ಎರವಾಗುವಂಥದ್ದು ಎಂದು ಅವನು ಹೇಳಿದರೆ ಹುಡುಗನೂ ನಂಬುತ್ತಾನೆ, ತರಬೇತಿ ಕೊಡುವ ಉಸ್ತಾದನೂ ನಂಬುತ್ತಾನೆ.

ಹಿಮದ ಮೇಲಿನ ವೈದ್ಯರು

ಗಾಯಾಳು ಇರುವಲ್ಲಿಗೆ ವೈದ್ಯ ತಲುಪುವುದು ಎಂದರೇನು ಎಂಬುದನ್ನು ಕನ್ನಡಿಗರು 2016ರ ಫೆಬ್ರುವರಿಯಲ್ಲಿ ಕಣ್ಣಾರೆ ಕಂಡಿದ್ದಾರೆ. ಸಿಯಾಚಿನ್‌ನ ಸೋನಮ್ ಠಾಣೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮಕುಸಿತ ಹತ್ತು ಸೈನಿಕರನ್ನು ನುಂಗಿತು. ಆರು ದಿನಗಳ ನಂತರ 25 ಅಡಿ ಹಿಮದಡಿಯಿಂದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಬದುಕಿದ್ದಾರೆಂಬ ಆಸೆ ಜಗತ್ತು ಬಿಟ್ಟಿದ್ದ ಆ ದಿನಗಳಲ್ಲೂ ಸೇನೆ ಆ ಹಿಮದ ಮೇಲೆಯೇ ವೈದ್ಯರನ್ನು ಕಾಯಿಸಿ ಕೂರಿಸಿತ್ತು. ಅವರು ತಕ್ಷಣ ಬೆಚ್ಚಗಿನ ದ್ರವವನ್ನು ನರಕ್ಕೆ ಕೊಟ್ಟು, ಬೆಚ್ಚಗಿನ ತೇವದ ಆಮ್ಲಜನಕ ಕೊಟ್ಟು, ಮೈಗೆ ಕಾವು ಮರಳಿಸಲು ಯತ್ನಿಸಿದರು. ಹೆಲಿಕಾಪ್ಟರಿನಲ್ಲಿ ಇಳಿಸುವಾಗಲೂ ತಜ್ಞ ವೈದ್ಯರು ಜೊತೆಗಿದ್ದರು. ಫೆಬ್ರುವರಿ 11ರಂದು ದೆಹಲಿಯಲ್ಲಿ ಹನುಮಂತಪ್ಪ ತೀರಿಕೊಂಡರು. ರಾಜ್ಯಕ್ಕೆ ರಾಜ್ಯವೇ ಅತ್ತಿತು.

ಆ ಎತ್ತರದಲ್ಲಿ ಉಸಿರಾಡುವುದೇ ದುಡಿಮೆ. ಪ್ರಾಣವಾಯು ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಒಗ್ಗಿಕೊಳ್ಳದೆ ಏರಿದವರ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಮೈ ಪಳಗಿಸಿಕೊಳ್ಳದ ವೈದ್ಯ ಅಲ್ಲಿಗೆ ಹೋದರೆ ಒಬ್ಬ ರೋಗಿ ಹೆಚ್ಚಾಗುತ್ತಾನೆ, ಅಷ್ಟೇ. ಅಲ್ಲಿ ಕಾದು ಕೂತಿದ್ದ ವೈದ್ಯರ ಮೈಬಲವೂ ಅವರ ಔಷಧಿಪೆಟ್ಟಿಗೆಯ ಒಂದು ಭಾಗವೇ ಆಗಿತ್ತು.

ಎರಡು ನ್ಯಾಯವಾದ ಆಕ್ಷೇಪಗಳು

ವೈದ್ಯನ ಕೈಗೆ ಬಂದೂಕು ಕೊಟ್ಟು, ಹೊಂಚುದಾಳಿ ಕಲಿಸುವುದು ಸರಿಯೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. 1949ರ ಜಿನೀವಾ ಒಪ್ಪಂದ ಸೇನಾ ವೈದ್ಯರಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಅವರ ಮೇಲೆ ದಾಳಿ ಮಾಡುವಂತಿಲ್ಲ. ತಮ್ಮ ಮತ್ತು ತಮ್ಮ ರೋಗಿಗಳ ರಕ್ಷಣೆಗೆ ಅವರು ಆಯುಧ ಇಟ್ಟುಕೊಳ್ಳಬಹುದು. ಶತ್ರುವಿಗೆ ಹಾನಿ ಮಾಡುವ ಕೆಲಸಕ್ಕೆ ಇಳಿದರೆ ಆ ರಕ್ಷಣೆ ಹೋಗುತ್ತದೆ. ತರಬೇತಿ ಪಡೆಯುವುದನ್ನು ಒಪ್ಪಂದ ತಡೆಯುವುದಿಲ್ಲ; ಆದರೆ ತರಬೇತಿ ಪಡೆದವನು ತನ್ನ ಗೆರೆಯನ್ನು ಮರೆಯಬಾರದು. ಪ್ಯಾರಾ ಡಾಕ್ಟರು ದಾಳಿಯನ್ನು ಅರಿತುಕೊಳ್ಳಬೇಕಾದದ್ದು ಗಾಯಾಳು ಎಲ್ಲಿ ಬೀಳುತ್ತಾನೆ, ಯಾವ ದಾರಿಯಲ್ಲಿ ಹೊರತರಬಹುದು ಎಂದು ಮುಂಚೆಯೇ ಊಹಿಸುವುದಕ್ಕೆ. ಕೈಗೆ ಸಿಕ್ಕ ಶತ್ರುವಿನ ಗಾಯಾಳುವೂ ಅವನ ರೋಗಿಯೇ.

2010ರ ಫೆಬ್ರುವರಿ 26ರಂದು ಕಾಬೂಲಿನ ಅತಿಥಿಗೃಹದ ಮೇಲೆ ಉಗ್ರರ ದಾಳಿಯಾದಾಗ ಎಎಂಸಿಯ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಅವರ ಕೈಯಲ್ಲಿ ಆಯುಧವಿರಲಿಲ್ಲ. ಮಣಿಪುರದ ಈ ವೈದ್ಯ ಬರಿಗೈಯಲ್ಲಿ ಆತ್ಮಾಹುತಿ ಬಾಂಬರನನ್ನು ತಬ್ಬಿ ಹಿಡಿದರು. ಅವನು ಸಿಡಿದ. ಜೊತೆಗಿದ್ದವರ ಜೀವ ಉಳಿಯಿತು, ಅವರದು ಹೋಯಿತು. 2011ರಲ್ಲಿ ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಧೈರ್ಯ ಯಾವ ಟೋಪಿಯ ಬಣ್ಣದಿಂದಲೂ ಬರುವುದಿಲ್ಲ ಎಂಬುದನ್ನು ಅವರ ಬಲಿದಾನ ತೋರಿಸಿದೆ. ತರಬೇತಿ ಮಾಡುವುದು ಇಷ್ಟು: ಇರುವ ಧೈರ್ಯಕ್ಕೆ ದಾರಿ ಕಲಿಸುತ್ತದೆ.

ಎರಡನೆಯ ಆಕ್ಷೇಪ ಕೈಚಳಕದ್ದು. ಶಸ್ತ್ರಚಿಕಿತ್ಸಕನ ಬೆರಳು ಅಭ್ಯಾಸ ತಪ್ಪಿದರೆ ಮೊಂಡಾಗುತ್ತದೆ. ತಿಂಗಳುಗಟ್ಟಲೆ ಬೆಟ್ಟ ಹತ್ತಿದವನು ಆಪರೇಷನ್ ಟೇಬಲ್ಲಿಗೆ ಮರಳಿದಾಗ ಹಳೆಯ ಹಿಡಿತ ಇರುತ್ತದೆಯೆ? ದಿಟವಾದ ಆತಂಕವಿದು. ಹಾಗಾಗಿಯೇ ಈ ದಾರಿ ಎಲ್ಲ ವೈದ್ಯರಿಗೂ ಅಲ್ಲ, ಬದುಕಿನ ಎಲ್ಲ ಕಾಲಕ್ಕೂ ಅಲ್ಲ. ಸ್ನಾತಕೋತ್ತರ ಓದಿಗೆ ಮುಂಚಿನ ಆರ್‌ಎಂಒ ವರ್ಷಗಳು ಇದಕ್ಕೆ ತಕ್ಕ ಕಾಲ. ಮುಂಚೂಣಿಯಲ್ಲಿ ಕೆಲವು ವರ್ಷ ಕಳೆದವರಿಗೆ ಮುಂದೆ ಓದಲು ಪೂರ್ತಿ ಅವಕಾಶ ಸಿಗಬೇಕು. ಪ್ಯಾರಾ ಘಟಕದಲ್ಲಿ ಇರುವಾಗಲೂ ಜನನಿಬಿಡ ಟ್ರಾಮಾ ಆಸ್ಪತ್ರೆಗಳಲ್ಲಿ ಆಗಾಗ ಕೆಲಸ ಮಾಡುವ ಏರ್ಪಾಡು ಇರಬೇಕು. ನಮ್ಮ ಹೆದ್ದಾರಿಗಳ ಅಪಘಾತಗಳು ದಿನವೂ ತುಂಬಿಸುವ ತುರ್ತು ವಿಭಾಗಗಳು ಯಾವ ಯುದ್ಧಭೂಮಿಗೂ ಕಡಿಮೆಯಿಲ್ಲದ ಗಾಯಗಳನ್ನು ಕಾಣುತ್ತವೆ. ಸೇನಾ ವೈದ್ಯರು ಅಲ್ಲಿ ದುಡಿದರೆ ಅವರ ಕೈ ಹರಿತವಾಗಿರುತ್ತದೆ. ಅವರ ಅನುಭವ ನಾಗರಿಕ ವೈದ್ಯರಿಗೂ ದಕ್ಕುತ್ತದೆ.

ಮನಸ್ಸು ಮಾಡಿದವರಿಗೆ

ಈ ದಾರಿಯ ಕನಸಿರುವ ವಿದ್ಯಾರ್ಥಿ ಎಂಬಿಬಿಎಸ್ ದಿನಗಳಲ್ಲೇ ಮೈ ಕಟ್ಟಿಕೊಳ್ಳಲು ಆರಂಭಿಸಬೇಕು. ಮೊದಲು ಓಟ, ಆಮೇಲೆ ಭಾರ, ಭಾರವನ್ನೂ ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ. ಆತುರಪಟ್ಟವರನ್ನು ಮೊದಲು ಸೋಲಿಸುವುದು ಕಾಲಿನ ಮೂಳೆ. ಈಜು ಬರದಿದ್ದರೆ ಕಲಿಯಬೇಕು. ನಕ್ಷೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ನಡೆಯುವ ರೂಢಿ ಮಾಡಿಕೊಳ್ಳಬೇಕು. ಎನ್‌ಸಿಸಿ ಇದ್ದರೆ ಬಿಡಬಾರದು. ಇಂಟರ್ನ್‌ಶಿಪ್ಪಿನಲ್ಲಿ ತುರ್ತು ವಿಭಾಗದ ರಾತ್ರಿ ಪಾಳಿಗಳನ್ನು ತಪ್ಪಿಸಿಕೊಳ್ಳದೆ ಕೇಳಿ ಪಡೆಯಬೇಕು. ಎಲ್ಲಕ್ಕಿಂತ ಮೊದಲು ಒಳ್ಳೆಯ ವೈದ್ಯರಾಗಬೇಕು. ನಲವತ್ತು ಕಿಲೊಮೀಟರ್ ಓಡಿ ತಲುಪಿದ ಮೇಲೆ ಎದೆಯ ಗಾಳಿ ತೆಗೆಯಲು ಕೈ ನಡುಗಿದರೆ ಓಡಿದ್ದು ವ್ಯರ್ಥ.

ಮಕ್ಕಳನ್ನು ಡಾಕ್ಟರು ಮಾಡಬೇಕೆಂದು ಹಂಬಲಿಸುವ ಮನೆಗಳು ನಮ್ಮಲ್ಲಿ ಲಕ್ಷಗಟ್ಟಲೆ ಇವೆ. ಆ ಹಂಬಲದ ನಕ್ಷೆಯಲ್ಲಿ ಕ್ಲಿನಿಕ್ಕು, ನರ್ಸಿಂಗ್ ಹೋಮು, ವಿದೇಶಗಳು ಇರುತ್ತವೆ. ಪಲ್ಟನ್ನಿನ ಚಿಕಿತ್ಸಾ ಠಾಣೆ ಇರುವುದು ಅಪರೂಪ. ಅದೂ ಆ ನಕ್ಷೆಯಲ್ಲಿ ಇರಬೇಕು ಎಂಬುದು ನನ್ನ ಆಸೆ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಂದ ವರ್ಷವರ್ಷವೂ ಸಾವಿರಾರು ಯುವ ವೈದ್ಯರು ಹೊರಬರುತ್ತಾರೆ. ಅವರಲ್ಲಿ ಬೆರಳೆಣಿಕೆಯಷ್ಟು ಮಂದಿ ಈ ಕಡಿದಾದ ದಾರಿ ಹಿಡಿದರೂ, ನಮ್ಮ ಹಳ್ಳಿಗಳಿಂದ ಗಡಿಗೆ ಹೋದ ಹುಡುಗರ ಪಕ್ಕದಲ್ಲಿ ಒಬ್ಬ ವೈದ್ಯ ಇರುತ್ತಾನೆ. ಗಡಿ ಕಾಯಲು ಮಕ್ಕಳನ್ನು ಕಳಿಸುವ ಸಮಾಜ, ಅವರ ಗಾಯ ಕಟ್ಟಲು ತನ್ನ ಅತ್ಯುತ್ತಮ ವೈದ್ಯರನ್ನೂ ಕಳಿಸಬೇಕು. ಅದು ಆ ಹುಡುಗರಿಗೆ ನಾವು ತೀರಿಸಬೇಕಾದ ಋಣ.